ಬೀಜ ನೆನೆಸೋದು ಎಲ್ಲರಿಗೂ ಗೊತ್ತು, ತೆಗೆಯೋದು ಯಾವಾಗ?

ಕಳೆದ ಸಂಚಿಕೆಯಲ್ಲಿ ಮಳೆಯಾಶ್ರಿತ ಬೇಸಾಯದ ಬಗ್ಗೆ ಬರೆಯುವಾಗ ಕೊನೆಯಲ್ಲಿ ನಾಲ್ಕು ಸಾಲು ಸೇರಿಸಿದ್ದೆ. ಬಿತ್ತುವ ಹಿಂದಿನ ರಾತ್ರಿ ಜೋಳ, ಸಜ್ಜೆ, ಮೆಕ್ಕೆಜೋಳದಂಥ ಬೀಜವನ್ನು ನೀರಲ್ಲಿ ನೆನೆಸಿ, ಬೆಳಿಗ್ಗೆ ಬಸಿದು, ಮೈ ಆರಿಸಿ ಬಿತ್ತಿದರೆ ಪೈರು ಬೇಗ ಏಳುತ್ತದೆ, ಇದಕ್ಕೆ ಪ್ರೈಮಿಂಗ್ ಅಂತ ಹೆಸರು, ಖರ್ಚೇನೂ ಇಲ್ಲ ಅಂತ. ಅಷ್ಟಕ್ಕೇ ಬಂದ ಪತ್ರಗಳನ್ನು ನೋಡಿ ನನಗೆ ಗಾಬರಿಯಾಯಿತು. ಒಬ್ಬರು ಇದೇನು ಹೊಸದಾ, ನಮ್ಮಜ್ಜಿ ಮಾಡುತ್ತಿದ್ದರು ಅಂತ ಬೈದಿದ್ದಾರೆ. ಇನ್ನೊಬ್ಬರು ನೆನೆಸಿ ಕೆಟ್ಟೆ ಅಂದಿದ್ದಾರೆ. ನಾಲ್ಕು ಸಾಲಲ್ಲಿ ಮುಗಿಸಿದ್ದು ನನ್ನದೇ ತಪ್ಪು. ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಹದ ನೋಡಿಯೇ ಬಿತ್ತುತ್ತೇವೆ, ನೆಲದಲ್ಲಿ ತೇವ ಇದ್ದೇ ಇರುತ್ತದೆ. ಬೀಜ ಅಲ್ಲೇ ನೀರು ಕುಡಿಯುತ್ತದಲ್ಲ? ಮನೆಯಲ್ಲಿ ಒಂದು ರಾತ್ರಿ ನೆನೆಸಿದ ಮಾತ್ರಕ್ಕೆ ಏನು ಬಂತು?

ಉತ್ತರ: ತೂಕದ ಲೆಕ್ಕ ಹಾಕಿದರೆ ಬೇಗ ಅರ್ಥವಾಗುತ್ತದೆ. ಚೀಲದಲ್ಲಿಟ್ಟ ಒಣ ಬೀಜದಲ್ಲಿ ನೂರಕ್ಕೆ 12ರಷ್ಟು ತೇವ ಇರುತ್ತದೆ. ಅಂದರೆ 1 ಕೆಜಿ ಬೀಜದಲ್ಲಿ 880 ಗ್ರಾಂ ಗಟ್ಟಿ ಪದಾರ್ಥ, 120 ಗ್ರಾಂ ನೀರು. ಜೋಳ, ಗೋಧಿಯಂಥ ಬೀಜ ಮೊಳೆಯಬೇಕಾದರೆ ಈ ತೇವ ನೂರಕ್ಕೆ 30ರಿಂದ 40ರ ಆಸುಪಾಸಿಗೆ ಏರಬೇಕು. ಮಧ್ಯಕ್ಕೆ 35 ಅಂತ ಹಿಡಿಯಿರಿ. ಆಗ ಅದೇ 1 ಕೆಜಿ ಬೀಜ ತೂಗಿದರೆ ಸುಮಾರು 1,350 ಗ್ರಾಂ ಬರುತ್ತದೆ. ಅಂದರೆ ಪ್ರತಿ ಕೆಜಿ ಬೀಜ 350 ಮಿಲಿ ನೀರು ಕುಡಿಯಬೇಕು.

ಪಾತ್ರೆಯಲ್ಲಿ ಇದು ಸಲೀಸು, ಸುತ್ತ ನೀರೇ. ಹೊಲದಲ್ಲಿ ಹಾಗಲ್ಲ. ಮಣ್ಣು ನೀರನ್ನು ಹಿಡಿದುಕೊಂಡಿರುತ್ತದೆ, ಆರುತ್ತಾ ಹೋದಷ್ಟೂ ಅದರ ಹಿಡಿತ ಬಿಗಿಯಾಗುತ್ತದೆ. ಬೀಜಕ್ಕೆ ಮಣ್ಣು ತಾಗುವುದು ಕೂಡ ಅಲ್ಲೊಂದು ಇಲ್ಲೊಂದು ಕಡೆ, ಹೆಂಟೆ ಜಾಸ್ತಿ ಇದ್ದರೆ ಅದೂ ಇಲ್ಲ. ಹಾಗಾಗಿ ಪಾತ್ರೆಯಲ್ಲಿ ಒಂದು ರಾತ್ರಿಗೆ ಮುಗಿಯುವ ಕೆಲಸ ಮಣ್ಣಲ್ಲಿ ಎರಡು ದಿನ ಎಳೆಯಬಹುದು, ಅರೆಬರೆ ಹದದಲ್ಲಿ ಇನ್ನೂ ಜಾಸ್ತಿ. ಅಷ್ಟರಲ್ಲಿ ಮೇಲಿನ ನಾಲ್ಕು ಬೆರಳು ಮಣ್ಣು ಬಿಸಿಲಿಗೆ ಆರಿ ಹೋಗುತ್ತದೆ. ಇಲ್ಲವೇ ಒಂದು ರಭಸದ ಮಳೆ ಬಿದ್ದು, ಮರುದಿನ ಬಿಸಿಲು ಹೊಡೆದು, ಮೇಲ್ಮಣ್ಣು ಗಟ್ಟಿ ಪೊರೆ ಕಟ್ಟುತ್ತದೆ. ಅಂಥ ಪೊರೆಯನ್ನು ಬೆರಳಲ್ಲಿ ಎಬ್ಬಿಸಿ ನೋಡಿದ್ದೀರಾ? ಕೆಳಗೆ ಬಿಳಿ ಮೊಳಕೆ ಮೇಲೆ ಬರಲಾಗದೆ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ. ಒಂದು ದಿನ ಮೊದಲೇ ಎದ್ದಿದ್ದರೆ ಅದು ಉಳಿಯುತ್ತಿತ್ತು.

ನೆನೆಸುವುದರಿಂದ ಸಿಗುವುದು ಆ ಒಂದು ದಿನ. ಕೆಲವು ಸಲ ಎರಡು, ಮೂರು. ಎದ್ದ ಪೈರು ಒಂದೇ ಸಮ ಇರುತ್ತದೆ, ಬೇರು ಮೇಲ್ಮಣ್ಣು ಆರುವ ಮೊದಲು ಕೆಳಗಿನ ತೇವಕ್ಕೆ ಇಳಿದಿರುತ್ತದೆ. ಕಳೆಗಿಂತ ಮೊದಲು ಎದ್ದದ್ದು ಇನ್ನೊಂದು ಲಾಭ. ಬೇಗ ತೆನೆಗೆ ಬರುವುದರಿಂದ ಕೊನೆಯ ಮಳೆ ಕೈಕೊಟ್ಟರೂ ಕಾಳು ಸ್ವಲ್ಪ ತುಂಬಿಕೊಂಡಿರುತ್ತದೆ. ಇವೆಲ್ಲ ಶುರುವಿನ ಆ ಒಂದೆರಡು ದಿನದಿಂದ ಬಂದದ್ದೇ ಹೊರತು ನೆನೆಸಿದ ಬೀಜಕ್ಕೆ ಬೇರೇನೋ ಶಕ್ತಿ ಬಂದಿದೆ ಅಂತಲ್ಲ.

ಪ್ರಶ್ನೆ: ಎಷ್ಟು ಹೊತ್ತು ನೆನೆಸಬೇಕು ಅಂತ ನೀವು ಬರೆಯಲೇ ಇಲ್ಲ. ಒಂದು ರಾತ್ರಿ ಅಂದರೆ ಎಷ್ಟು ಗಂಟೆ?

ಉತ್ತರ: ಸರಿಯಾಗಿ ಹಿಡಿದಿರಿ. ಈ ವಿದ್ಯೆಯಲ್ಲಿ ಇರುವುದೇ ಅದೊಂದು.

1990ರ ದಶಕದಲ್ಲಿ ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದ ಡೇವ್ ಹ್ಯಾರಿಸ್ ಮತ್ತು ಅವರ ಜೊತೆಗಾರರು ಆಫ್ರಿಕಾದಲ್ಲಿ, ಭಾರತದಲ್ಲಿ, ಪಾಕಿಸ್ತಾನದಲ್ಲಿ ರೈತರ ಹೊಲಗಳಲ್ಲೇ ಇದನ್ನು ಮಾಡಿ ನೋಡಿದರು. ನೆನೆಸುವುದು ಹಳೆಯದು, ಅವರಿಗೂ ಅದು ಗೊತ್ತಿತ್ತು. ಅವರು ಕೂಡಿಸಿದ್ದು ಒಂದು ಗಡುವು. ಪ್ರತಿ ಬೆಳೆಗೂ ಇಷ್ಟು ಗಂಟೆಯ ಒಳಗೆ ನೀರಿಂದ ತೆಗೆದರೆ ಕ್ಷೇಮ, ದಾಟಿದರೆ ಅಪಾಯ ಅಂತ. ಮೆಕ್ಕೆಜೋಳ, ಭತ್ತಕ್ಕೆ 12ರಿಂದ 18 ಗಂಟೆ. ಗೋಧಿಗೆ 10ರಿಂದ 12. ಜೋಳ, ಸಜ್ಜೆಗೆ 8ರಿಂದ 10. ರಾಗಿಗೆ 8. ಅಂದರೆ ಮೆಕ್ಕೆಜೋಳಕ್ಕೆ ಒಂದು ರಾತ್ರಿ ಸಾಲದೇ ಹೋಗಬಹುದು, ರಾಗಿಗೆ ಅದೇ ರಾತ್ರಿ ಜಾಸ್ತಿಯಾಗಬಹುದು.

ಗಡುವು ಯಾಕೆ ಅಂತ ಹೇಳುತ್ತೇನೆ. ಬೀಜ ನೀರು ಕುಡಿಯುವುದು ಮೂರು ಹಂತದಲ್ಲಿ. ಮೊದಲ ಹಂತದಲ್ಲಿ ಗಟಗಟ ಕುಡಿಯುತ್ತದೆ, ಸತ್ತ ಬೀಜ ಕೂಡ ಕುಡಿಯುತ್ತದೆ, ಸ್ಪಂಜಿನ ಹಾಗೆ. ಎರಡನೇ ಹಂತದಲ್ಲಿ ಕುಡಿಯುವುದು ಹೆಚ್ಚೂ ಕಡಿಮೆ ನಿಂತೇ ಹೋಗುತ್ತದೆ. ಹೊರಗಿಂದ ನೋಡಿದರೆ ಸುಮ್ನೆ ಬಿದ್ದಿದೆ ಅನಿಸುತ್ತದೆ. ಒಳಗೆ ಭಾರಿ ಕೆಲಸ ನಡೆದಿರುತ್ತದೆ: ಭ್ರೂಣದಿಂದ ಹೊರಟ ಹಾರ್ಮೋನು ಕಾಳಿನ ಸಿಪ್ಪೆಯ ಒಳಪದರಕ್ಕೆ ಸುದ್ದಿ ಮುಟ್ಟಿಸುತ್ತದೆ, ಅಲ್ಲಿಂದ ಕಿಣ್ವಗಳು ಇಳಿದು ಹಿಟ್ಟನ್ನು ಸಕ್ಕರೆ ಮಾಡಲು ಶುರು ಮಾಡುತ್ತವೆ, ಚೀಲದಲ್ಲಿ ಕೂತು ಕೂತು ಹಾಳಾದ ಡಿಎನ್‌ಎ ಕೂಡ ರಿಪೇರಿಯಾಗುತ್ತದೆ. ಮೂರನೇ ಹಂತದಲ್ಲಿ ಬೇರಿನ ತುದಿ ಸಿಪ್ಪೆ ಒಡೆದು ಹೊರಗೆ ಬರುತ್ತದೆ, ಮತ್ತೆ ನೀರು ಎಳೆಯುತ್ತದೆ.

ಎರಡನೇ ಹಂತದಲ್ಲಿ ಇರುವ ಬೀಜವನ್ನು ಹೊರಗೆ ತೆಗೆದು ಆರಿಸಿದರೆ ಅದು ತಡೆದುಕೊಳ್ಳುತ್ತದೆ. ಮತ್ತೆ ನೀರು ಸಿಕ್ಕಾಗ ನಿಲ್ಲಿಸಿದಲ್ಲಿಂದ ಮುಂದುವರಿಯುತ್ತದೆ. ಬೇರು ಹೊರಬಿದ್ದ ಮೇಲೆ ಆ ತಾಳ್ಮೆ ಇಲ್ಲ. ಆರಿದರೆ ಸತ್ತಿತು.

ಮೇಲಿನ ಗಂಟೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ತಳಿ ಬೇರೆ, ನೀರಿನ ಬಿಸಿ ಬೇರೆ. ಸೆಕೆ ಜಾಸ್ತಿ ಇದ್ದರೆ ಎಲ್ಲವೂ ಬೇಗ ನಡೆಯುತ್ತದೆ. ನಿಮ್ಮ ಬೀಜದ ಗಡುವನ್ನು ನೀವೇ ಕಂಡುಕೊಳ್ಳಿ. ಐದು ಲೋಟಗಳಲ್ಲಿ ಒಂದೊಂದು ಹಿಡಿ ಬೀಜ ಹಾಕಿ ನೀರು ತುಂಬಿ. ಒಂದನ್ನು 6 ಗಂಟೆ ನೆನೆದ ಮೇಲೆ ಬಸಿಯಿರಿ, ಮುಂದಿನದನ್ನು 8ಕ್ಕೆ, ಆಮೇಲೆ 10, 12, 16. ಬಸಿದ ಬೀಜವನ್ನು ಬಟ್ಟೆಯಲ್ಲಿ ಒರೆಸಿ ಒಣ ಲೋಟದಲ್ಲಿ ಒಂದು ದಿನ ಸುಮ್ನೆ ಇಡಿ. ಯಾವ ಲೋಟದಲ್ಲಿ ಬೀಜ ತಾನಾಗಿ ಮೂತಿ ಹೊರಗೆ ಹಾಕಿತೋ ಅದು ಗಡುವು ದಾಟಿದೆ. ಅದರ ಹಿಂದಿನ ಲೋಟದ ಗಂಟೆ ನಿಮ್ಮದು.

ಪ್ರಶ್ನೆ: ನೀವು ಬರೆದ ಹಾಗೇ ಜೋಳ ನೆನೆಸಿದೆ. ಬಸಿದು ಚೀಲಕ್ಕೆ ತುಂಬಿಟ್ಟೆ. ಮರುದಿನ ಬೆಳಿಗ್ಗೆ ಬೀಜ ಬಿಸಿಯಾಗಿತ್ತು, ಹುಳಿ ವಾಸನೆ. ಹಾಗೇ ಬಿತ್ತಿದೆ. ಅರ್ಧಕ್ಕರ್ಧ ಹುಟ್ಟಲಿಲ್ಲ. ಇದಕ್ಕೆ ಯಾರು ಹೊಣೆ?

ಉತ್ತರ: ಮೈ ಆರಿಸಿ ಅಂತ ಬರೆದು ಹೇಗೆ ಅಂತ ಬರೆಯದ ನಾನೇ. ಬೇಜಾರಾಗಬೇಡಿ, ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಮೊದಲ ವರ್ಷ ನೆನೆಸಿದ ಸಜ್ಜೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೋಡೆಗೆ ಒರಗಿಸಿಟ್ಟು ಮಲಗಿದೆ. ಬೆಳಿಗ್ಗೆ ಚೀಲದೊಳಗೆ ಕೈ ಹಾಕಿದರೆ ಜ್ವರ ಬಂದ ಮೈ ಮುಟ್ಟಿದ ಹಾಗಿತ್ತು. ಹಿಡಿ ತೆಗೆದರೆ ಬೀಜಗಳು ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗಿ ಬಂದವು. ಎಲ್ಲವೂ ಬಿಳಿ ಬೇರು ಬಿಟ್ಟಿದ್ದವು.

ಆಗುವುದು ಇಷ್ಟು. ನೆನೆದ ಬೀಜ ಉಸಿರಾಡುತ್ತದೆ, ಜೋರಾಗಿ. ಉಸಿರಾಟದಿಂದ ಬಿಸಿ. ಗಾಳಿಯಾಡದ ಚೀಲದಲ್ಲಿ ಆ ಬಿಸಿ ಹೊರಗೆ ಹೋಗುವುದಿಲ್ಲ, ಬೀಜದ ನಡುವೆ ಉಳಿದ ನೀರೂ ಹೋಗುವುದಿಲ್ಲ. ಗಂಟೆ ಎಣಿಸಿ ನೀರಿಂದ ತೆಗೆದರೂ ಚೀಲದೊಳಗೆ ಬೀಜ ಇನ್ನೂ ನೆನೆಯುತ್ತಲೇ ಇರುತ್ತದೆ. ಗಾಳಿ ಸಾಲದೆ ಹುಳಿಯುತ್ತದೆ. ನೀರಿಂದ ಎತ್ತಿದ್ದು ಅರ್ಧ ಕೆಲಸ ಅಷ್ಟೇ.

ಬಸಿದ ಕೂಡಲೇ ನೆರಳಲ್ಲಿ ಗೋಣಿ ಅಥವಾ ಬಟ್ಟೆ ಹಾಸಿ ತೆಳ್ಳಗೆ ಹರಡಿ. ಕೈಯಲ್ಲಿ ಆಗಾಗ ಆಡಿಸುತ್ತಿರಿ. ಹಿಡಿ ತೆಗೆದು ಬಿಟ್ಟರೆ ಬೀಜ ಅಂಗೈಗೆ ಅಂಟದೆ ಸರಸರ ಜಾರಬೇಕು. ಗಾಳಿ ಇದ್ದರೆ ಗಂಟೆ, ಎರಡು ಗಂಟೆಯ ಕೆಲಸ. ಬಿಸಿಲಲ್ಲಿ ಬೇಡ. ನೆನೆಸುವಾಗಲೂ ಒಂದು ಮಾತು: ಬೀಜ ಕಂಠಪೂರ್ತಿ ತುಂಬಿದ ಬಕೆಟ್‌ಗೆ ಮೇಲೆ ಒಂದಿಷ್ಟು ನೀರು ಸುರಿಯುವುದಲ್ಲ. ಅಗಲ ಬಾಯಿಯ ಪಾತ್ರೆ, ಬೀಜದ ಎರಡರಷ್ಟು ನೀರು. ತೇಲಿದ ಜೊಳ್ಳನ್ನು ಆಗಲೇ ತೆಗೆದುಬಿಡಿ.

ಪ್ರಶ್ನೆ: ಮೊಳಕೆ ಬಂದ ಬೀಜವನ್ನೇ ಬಿತ್ತಿದರೆ ಇನ್ನೂ ಬೇಗ ಅಲ್ವಾ? ಭತ್ತದ ಸಸಿಮಡಿಗೆ ಮೊಳಕೆ ಕಟ್ಟಿಯೇ ಚೆಲ್ಲುತ್ತೇವೆ.

ಉತ್ತರ: ಸಸಿಮಡಿಯಲ್ಲಿ ನೀರು ನಿಮ್ಮ ಕೈಯಲ್ಲಿದೆ. ಮಳೆ ನಂಬಿದ ಹೊಲದಲ್ಲಿ ಇಲ್ಲ. ಮೊಳಕೆ ಬಂದ ಬೀಜ ಆರಿದ ಮಣ್ಣಿಗೆ ಬಿದ್ದರೆ ಅಲ್ಲೇ ಮುಗಿಯಿತು, ಜೊತೆಗೆ ಬಿತ್ತುವ ಕೂರಿಗೆಯ ಕೊಳವೆಯಲ್ಲಿ ಇಳಿಯುವಾಗಲೇ ಬೇರಿನ ತುದಿ ಮುರಿಯುತ್ತದೆ. ಸರಿಯಾಗಿ ನೆನೆಸಿ ಆರಿಸಿದ ಬೀಜ ಹಾಗಲ್ಲ. ಮಣ್ಣಿಂದ ಇನ್ನೂ ಸ್ವಲ್ಪ ನೀರು ಸಿಕ್ಕರೆ ಮಾತ್ರ ಮುಂದೆ ಹೋಗುತ್ತದೆ, ಸಿಗದಿದ್ದರೆ ಕಾಯುತ್ತದೆ.

ಪ್ರಶ್ನೆ: ನಮ್ಮ ಕಡೆ ರಾಗಿಯನ್ನು 6 ಗಂಟೆ ನೆನೆಸಿ, ಒದ್ದೆ ಬಟ್ಟೆ ಚೀಲದಲ್ಲಿ 2 ದಿನ ಕಟ್ಟಿಟ್ಟು, ಆಮೇಲೆ 2 ದಿನ ನೆರಳಲ್ಲಿ ಒಣಗಿಸಿ ಅಂತ ಹೇಳಿಕೊಟ್ಟಿದ್ದಾರೆ. ನೀವು 8 ಗಂಟೆ ಅನ್ನುತ್ತೀರಿ. ಯಾವುದನ್ನು ನಂಬೋದು?

ಉತ್ತರ: ಎರಡೂ ಸರಿ, ದಾರಿ ಬೇರೆ. ನೀವು ಹೇಳುವುದು ಬೀಜ ಹದಗೊಳಿಸುವ ವಿಧಾನ. ಅದರಲ್ಲಿ ನೀರನ್ನು ಅಳೆದು ಕೊಡುತ್ತಾರೆ, 1 ಕೆಜಿ ರಾಗಿಗೆ 1 ಲೀಟರ್, ಅದೂ 6 ಗಂಟೆ ಮಾತ್ರ. ಬಸಿದ ಮೇಲೆ ಒದ್ದೆ ಬಟ್ಟೆಯಲ್ಲಿ ಬೀಜ ಇದ್ದ ತೇವದಲ್ಲೇ ನಿಧಾನವಾಗಿ ಮುಂದೆ ಸಾಗುತ್ತದೆ. ಮೊಳಕೆಯ ಮೊದಲ ಸುಳಿವು ಕಂಡ ಕೂಡಲೇ ಬಿಚ್ಚಿ ಪೂರ್ತಿ ಒಣಗಿಸುತ್ತಾರೆ. ಕಣ್ಣಿಟ್ಟು ನೋಡಬೇಕಾದ ಕೆಲಸ. ಒಂದು ಹೊತ್ತು ತಡವಾದರೆ ಬೇರು ಉದ್ದ ಬಂದುಬಿಡುತ್ತದೆ. ಇದರ ಅನುಕೂಲ ಅಂದರೆ ಬೀಜ ಒಣಗಿರುವುದರಿಂದ ಕೂರಿಗೆಯಲ್ಲಿ ಚೆನ್ನಾಗಿ ಇಳಿಯುತ್ತದೆ, ಬಿತ್ತನೆ ಒಂದೆರಡು ದಿನ ಆಚೀಚೆ ಆದರೂ ಚಿಂತೆಯಿಲ್ಲ. ನಾನು ಹೇಳಿದ 8 ಗಂಟೆಯದು ಅವಸರದ ದಾರಿ: ಇವತ್ತು ಹದವಾಗಿದೆ, ನಾಳೆ ಬಿತ್ತಬೇಕು ಅನ್ನುವವರಿಗೆ. ನಿಮಗೆ ಈಗಾಗಲೇ ಆ ದೊಡ್ಡ ವಿಧಾನ ಕೈಹಿಡಿದಿದ್ದರೆ ಬಿಡಬೇಡಿ.

ಪ್ರಶ್ನೆ: ರಾತ್ರಿ ನೆನೆಸಿದೆ. ಬೆಳಿಗ್ಗೆ ಎದ್ದರೆ ಧೋ ಅಂತ ಮಳೆ. ಹೊಲಕ್ಕೆ ಕಾಲಿಡಲು ಆಗುವುದಿಲ್ಲ. ಬೀಜ ಏನು ಮಾಡಲಿ? ದನಕ್ಕೆ ಹಾಕಲಾ?

ಉತ್ತರ: ಅಯ್ಯೋ, ಬೇಡ. ಗಡುವಿಗೆ ಸರಿಯಾಗಿ ನೀರಿಂದ ತೆಗೆದಿದ್ದರೆ ಮನೆಯೊಳಗೆ ತೆಳ್ಳಗೆ ಹರಡಿ ಗಾಳಿಗೆ ಚೆನ್ನಾಗಿ ಆರಿಸಿ. ಕೆಲವು ದಿನ ಇಟ್ಟು ಬಿತ್ತಬಹುದು, ನೆನೆಸಿದ ಲಾಭ ಪೂರ್ತಿ ಹೋಗುವುದಿಲ್ಲ. ಆದರೆ ಮುಂದಿನ ಹಂಗಾಮಿಗೆ ಅಂತ ಎತ್ತಿಡಬೇಡಿ. ಒಮ್ಮೆ ಎಚ್ಚರಗೊಂಡ ಬೀಜದ ಆಯಸ್ಸು ಕಡಿಮೆ. ತಿಂಗಳುಗಟ್ಟಲೆ ಇಟ್ಟರೆ ನೆನೆಸದ ಬೀಜಕ್ಕಿಂತ ಬೇಗ ಸಾಯುತ್ತದೆ. ಅದಕ್ಕೇ ಒಂದೇ ಸಲ ಎಲ್ಲ ಬೀಜ ನೆನೆಸುವ ಬದಲು ಒಂದು ದಿನದಲ್ಲಿ ಬಿತ್ತಿ ಮುಗಿಸುವಷ್ಟನ್ನೇ ನೆನೆಸಿ.

ಪ್ರಶ್ನೆ: ಮಳೆಗೆ ಮೊದಲೇ ಒಣ ಮಣ್ಣಿಗೆ ಬಿತ್ತುವವರು ನಾವು. ನಮಗೂ ಇದು ಆಗುತ್ತದಾ?

ಉತ್ತರ: ಈ ನೆನೆಸುವ ವಿಧಾನ ನಿಮಗೆ ಬೇಡ. ಒಣ ಮಣ್ಣು ಬೀಜ ಕುಡಿದ ನೀರನ್ನು ವಾಪಸ್ ಎಳೆದುಕೊಳ್ಳುತ್ತದೆ, ಅಲ್ಲಿಗೆ ಮಾಡಿದ ಕೆಲಸ ವ್ಯರ್ಥ. ಅದಕ್ಕಿಂತ ಅಪಾಯ ತುಂತುರು ಮಳೆ. ಎರಡು ಬೆರಳು ನೆಲ ನೆನೆಸಿ ಹೋದ ಮಳೆಗೆ ನೆನೆಸದ ಬೀಜ ಏಳುವುದಿಲ್ಲ, ಅದಕ್ಕೆ ಅಷ್ಟು ನೀರು ಸಾಲದು. ನೆನೆಸಿದ ಬೀಜಕ್ಕೆ ಸಾಕಾಗಿಬಿಡುತ್ತದೆ. ಎದ್ದು ಬಿಸಿಲಿಗೆ ಸಾಯುತ್ತದೆ. ಒಣ ಬಿತ್ತನೆಯಲ್ಲಿ ಬೀಜದ ಸೋಮಾರಿತನವೇ ನಿಮಗೆ ಕಾವಲು.

ಪ್ರಶ್ನೆ: ಹತ್ತು ಸಾಲು ನೆನೆಸಿದ್ದು, ಹತ್ತು ಸಾಲು ಒಣದ್ದು ಹಾಕಿ ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ಸುಮ್ನೆ ಹೈರಾಣ.

ಉತ್ತರ: ನಿಮ್ಮ ಮಾತನ್ನು ನಂಬುತ್ತೇನೆ. ಮಾಡಿ ನೋಡಿದ್ದಕ್ಕೆ ಶಹಬ್ಬಾಸ್, ಎಷ್ಟೋ ಜನ ಅದನ್ನೂ ಮಾಡದೆ ವಾದಕ್ಕೆ ನಿಲ್ಲುತ್ತಾರೆ. ನೆಲ ಚೆನ್ನಾಗಿ ಹದವಾಗಿ, ಮಣ್ಣು ಪುಡಿಯಾಗಿ, ಬಿತ್ತಿದ ಮೇಲೆ ಒಂದು ಸೋನೆ ಮಳೆಯೂ ಬಿದ್ದರೆ ಒಣ ಬೀಜಕ್ಕೂ ಯಾವ ಕಷ್ಟವೂ ಇರುವುದಿಲ್ಲ. ಎರಡೂ ಒಟ್ಟಿಗೆ ಏಳುತ್ತವೆ. ಒಳ್ಳೆಯ ವರ್ಷದಲ್ಲಿ ಇದರಿಂದ ಕಾಣುವಂಥ ಲಾಭ ಇರುವುದಿಲ್ಲ. ಹದ ತಪ್ಪುತ್ತಿರುವಾಗ ಬಿತ್ತಿದಾಗ, ಬಿತ್ತನೆ ತಡವಾದಾಗ, ಮೇಲ್ಮಣ್ಣು ಪೊರೆ ಕಟ್ಟುವ ಜಾಗದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಇಳುವರಿ ದುಪ್ಪಟ್ಟು ಅಂತ ಯಾರಾದರೂ ಹೇಳಿದರೆ ನಗುತ್ತಾ ಮುಂದೆ ಹೋಗಿ. ಗೊಬ್ಬರವಿಲ್ಲದ ನೆಲ, ಬಾರದ ಮಳೆ, ತೆಗೆಯದ ಕಳೆ, ಇವುಗಳಿಗೆ ಒಂದು ಬಕೆಟ್ ನೀರು ಔಷಧಿಯಲ್ಲ.

ಮುಂದಿನ ಸಲ ನೋಡುವಾಗ ಹತ್ತು ಸಾಲು ಆ ಕಡೆ, ಹತ್ತು ಸಾಲು ಈ ಕಡೆ ಬೇಡ. ಒಂದು ಕಡೆ ಮಣ್ಣು ತಗ್ಗಿರಬಹುದು. ಎರಡು ಸಾಲು ಇದು, ಎರಡು ಸಾಲು ಅದು, ಹೀಗೆ ಸರದಿಯಲ್ಲಿ ಹಾಕಿ. ಬಿತ್ತಿದ ಮೂರನೇ ದಿನದಿಂದ ಹತ್ತನೇ ದಿನದವರೆಗೆ ದಿನಾ ಬೆಳಿಗ್ಗೆ ಎರಡು ಮೀಟರ್ ಉದ್ದದಲ್ಲಿ ಎಷ್ಟು ಪೈರು ಎದ್ದಿವೆ ಅಂತ ಎಣಿಸಿ ಬರೆದಿಡಿ. ತಿಂಗಳಾದ ಮೇಲೆ ದೂರದಿಂದ ನೋಡಿದರೆ ಎಲ್ಲವೂ ಹಸಿರೇ.

ಪ್ರಶ್ನೆ: ಬರೀ ನೀರು ಸಾಕಾ? ಉಪ್ಪು, ಜಿಂಕ್, ಪೊಟ್ಯಾಷ್, ಗಂಜಲ, ಜೇನು, ಏನೇನೋ ಹೇಳುತ್ತಾರೆ.

ಉತ್ತರ: ಈ ಚಟ ಬಹಳ ಹಳೆಯದು. ಕ್ರಿಸ್ತಪೂರ್ವದ ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ಸೌತೆ ಬೀಜವನ್ನು ಹಾಲಲ್ಲೋ ನೀರಲ್ಲೋ ನೆನೆಸಿದರೆ ಬೇಗ ಹುಟ್ಟುತ್ತದೆ ಅಂತ ಬರೆದಿಟ್ಟಿದ್ದ. ನಮ್ಮ ಕಾಲಕ್ಕೆ ಬಂದರೆ 1973ರಲ್ಲಿ ಹೈಡೆಕರ್ ಎಂಬ ವಿಜ್ಞಾನಿ ಮತ್ತು ಜೊತೆಗಾರರು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಬೆರೆಸಿದ ನೀರಲ್ಲಿ ಬೀಜ ಇಟ್ಟು ತೋರಿಸಿದರು. ಆ ದ್ರಾವಣ ಬೀಜಕ್ಕೆ ನೀರನ್ನು ಬೇಕಾದಷ್ಟು ಬಿಡುವುದಿಲ್ಲ. ಬೀಜ ಎರಡನೇ ಹಂತದಲ್ಲೇ ದಿನಗಟ್ಟಲೆ ನಿಂತಿರುತ್ತದೆ, ಗಡುವು ದಾಟುವ ಭಯವಿಲ್ಲ. ಬಲು ಜಾಣ ಉಪಾಯ. ಆದರೆ ಅದು ಗ್ರಾಂ ಲೆಕ್ಕದಲ್ಲಿ ಮಾರುವ ತರಕಾರಿ, ಹೂವಿನ ಬೀಜಕ್ಕೆ. ಚೀಲ ಚೀಲ ಜೋಳಕ್ಕಲ್ಲ.

ಹೊಲದ ಬೆಳೆಗೆ ಎರಡು ವಿಷಯ ಮಾತ್ರ ಗಮನಿಸುವಂಥದ್ದು. ಒಂದು, ಜಿಂಕ್. ಮಣ್ಣಲ್ಲಿ ಜಿಂಕ್ ಕೊರತೆ ಇರುವ ಕಡೆ ಮೆಕ್ಕೆಜೋಳವನ್ನು ನೂರಕ್ಕೆ 1ರ ಜಿಂಕ್ ಸಲ್ಫೇಟ್ ದ್ರಾವಣದಲ್ಲಿ 16 ಗಂಟೆ ನೆನೆಸಿ ಹ್ಯಾರಿಸ್ ತಂಡ ಪಾಕಿಸ್ತಾನದಲ್ಲಿ ಪ್ರಯೋಗ ಮಾಡಿತ್ತು, ಇಳುವರಿ ಬರೀ ನೀರಿಗಿಂತ ಚೆನ್ನಾಗಿ ಬಂತು. ಗೋಧಿಗೆ ದ್ರಾವಣ ಇನ್ನೂ ತೆಳುವಾಗಿರಬೇಕು. ಮಣ್ಣು ಪರೀಕ್ಷೆಯಲ್ಲಿ ಕೊರತೆ ಕಂಡಿದ್ದರೆ ಮಾತ್ರ ಇದರ ಗೋಜಿಗೆ ಹೋಗಿ. ಎರಡು, ಜೋಳವನ್ನು ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಎಂಬ ನೀರಲ್ಲಿ ಕರಗುವ ಗೊಬ್ಬರದ ನೂರಕ್ಕೆ 2ರ ದ್ರಾವಣದಲ್ಲಿ, ಅಂದರೆ ಲೀಟರ್‌ಗೆ 20 ಗ್ರಾಂ, 6 ಗಂಟೆ ನೆನೆಸಿ ನೆರಳಲ್ಲಿ ಮೊದಲಿನಷ್ಟೇ ಒಣಗಿಸುವುದು. ಖುಷ್ಕಿ ಜೋಳಕ್ಕೆ ಈ ಶಿಫಾರಸು ಇದೆ. ಕೈಯಳತೆಯಲ್ಲಿ ಹಾಕಬೇಡಿ, ತೂಗಿಯೇ ಹಾಕಿ. ಉಪ್ಪಿನಂಶ ಜಾಸ್ತಿಯಾದರೆ ಭ್ರೂಣ ಸುಟ್ಟು ಹೋಗುತ್ತದೆ. ಏನೇ ಬೆರೆಸಿದರೂ ಮೊದಲು ನೂರು ಬೀಜ ನೆನೆಸಿ ಮೊಳಕೆ ಪರೀಕ್ಷೆ ಮಾಡಿ.

ಮೊದಲ ವರ್ಷ ಬರೀ ನೀರಲ್ಲೇ ಕೈ ಕೂರಿಸಿಕೊಳ್ಳಿ ಅಂತ ನನ್ನ ಮಾತು. ಗೊಬ್ಬರ ಕೊಡಲೇಬೇಕು ಅನಿಸಿದರೆ ಮಾಲಿ ದೇಶದಲ್ಲಿ ಮಾಡಿದ್ದನ್ನು ನೋಡಿ. ಅಲ್ಲಿ ಜೋಳ, ಸಜ್ಜೆಯನ್ನು 8 ಗಂಟೆ ನೆನೆಸಿ, ಗುಣಿಗೆ ಬೀಜದ ಜೊತೆಗೇ 0.3 ಗ್ರಾಂ ಗೊಬ್ಬರ ಹಾಕಿದರು. ಚಿಟಿಕೆಗಿಂತಲೂ ಕಡಿಮೆ. ಅಷ್ಟು ಕಡಿಮೆ ಇರುವುದರಿಂದಲೇ ಬೀಜ ಸುಡುವುದಿಲ್ಲ, ಎದ್ದ ಪೈರಿಗೆ ಬೇಕಾದ ಹೊತ್ತಲ್ಲಿ ಬೇರಿನ ಬುಡದಲ್ಲೇ ಗೊಬ್ಬರ ಇರುತ್ತದೆ.

ಪ್ರಶ್ನೆ: ಕಂಪನಿಯ ಹೈಬ್ರಿಡ್ ಮೆಕ್ಕೆಜೋಳ ಗುಲಾಬಿ ಬಣ್ಣದ್ದು. ನೆನೆಸಿದರೆ ನೀರೆಲ್ಲ ಕೆಂಪಾಯಿತು. ಪರವಾಗಿಲ್ವಾ?

ಉತ್ತರ: ಪರವಾಗಿಲ್ಲ ಅನ್ನುವ ಹಾಗಿಲ್ಲ! ಆ ಬಣ್ಣ ಬರೀ ಬಣ್ಣವಲ್ಲ, ಶಿಲೀಂಧ್ರನಾಶಕ ಲೇಪಿಸಿದ ಗುರುತು. ಕೆಲವಕ್ಕೆ ಕೀಟನಾಶಕವೂ ಇರುತ್ತದೆ. ನೆನೆಸಿದರೆ ಬೀಜಕ್ಕೆ ಇರಬೇಕಾದ ರಕ್ಷಣೆ ತೊಳೆದು ಹೋಗುತ್ತದೆ, ಆ ನೀರು ವಿಷವಾಗುತ್ತದೆ. ದಯವಿಟ್ಟು ಅಂಥ ಬೀಜ ನೆನೆಸಬೇಡಿ. ಈಗಾಗಲೇ ನೆನೆಸಿದ್ದರೆ ಆ ನೀರು ದನ, ಕೋಳಿ, ಮಕ್ಕಳ ಹತ್ತಿರ ಸುಳಿಯದ ಹಾಗೆ, ಬಾವಿ ಕೆರೆಯಿಂದ ದೂರ ಗುಂಡಿ ತೋಡಿ ಸುರಿಯಿರಿ. ಅಡಿಗೆಗೆ ಬಳಸುವ ಪಾತ್ರೆಯಲ್ಲಿ ನೆನೆಸಿದ್ದರೆ ಆ ಪಾತ್ರೆಯನ್ನು ಮತ್ತೆ ಅಡಿಗೆಗೆ ತರಬೇಡಿ.

ನೆನೆಸುವುದು ಸ್ವಂತ ಬೀಜಕ್ಕೆ, ಲೇಪನ ಇಲ್ಲದ ಬೀಜಕ್ಕೆ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ನೆನೆಸಿ, ಮೈ ಆರಿದ ಮೇಲೆ ಹಚ್ಚಿ. ಅಜೋಸ್ಪಿರಿಲಂನಂಥ ಜೀವಾಣು ಗೊಬ್ಬರ ಎಲ್ಲಕ್ಕಿಂತ ಕೊನೆಗೆ.

ಪ್ರಶ್ನೆ: ನೆನೆಸಿದ ಬೀಜ ಕೂರಿಗೆಯಲ್ಲಿ ಇಳಿಯುವುದಿಲ್ಲ, ಕಟ್ಟಿಕೊಳ್ಳುತ್ತದೆ. ಯಂತ್ರದಲ್ಲೂ ಅದೇ ಗೋಳು. ಸಾಲು ತೆಳ್ಳಗೆ ಬಂತು.

ಉತ್ತರ: ಇದರಲ್ಲಿ ಎರಡು ತೊಂದರೆ ಸೇರಿವೆ. ಅಂಟುವುದು ಆರಿಸಿದ್ದು ಸಾಲದೆ. ಇನ್ನರ್ಧ ಗಂಟೆ ಹರಡಿದ್ದರೆ ಸರಿಹೋಗುತ್ತಿತ್ತು, ಇಲ್ಲವೇ ಬಿತ್ತುವ ಮುಂಚೆ ಒಂದಿಷ್ಟು ಒಣ ಬೂದಿ ಸವರಿ. ತೆಳ್ಳಗೆ ಬಂದದ್ದಕ್ಕೆ ಕಾರಣ ಬೇರೆ. ಮೊದಲು ಹಾಕಿದ ಲೆಕ್ಕ ನೆನಪಿದೆಯಾ, 1 ಕೆಜಿ ಬೀಜ ಸುಮಾರು 1,350 ಗ್ರಾಂ ಆಗುತ್ತದೆ ಅಂತ? ನೆನೆಸಿದ ಮೇಲೆ ತೂಗಿ ಎಕರೆಗೆ ಇಷ್ಟು ಕೆಜಿ ಅಂತ ಹಾಕಿದ್ದರೆ ಕಾಲು ಭಾಗ ಬೀಜ ಕಡಿಮೆ ಬಿದ್ದಿದೆ. ತೂಕ ಯಾವಾಗಲೂ ನೆನೆಸುವ ಮೊದಲೇ ನೋಡಬೇಕು. ಯಂತ್ರದಲ್ಲಿ ತಟ್ಟೆಯ ರಂಧ್ರವೂ ಒಣ ಬೀಜದ ಗಾತ್ರಕ್ಕೆ ಇರುತ್ತದೆ, ಊದಿದ ಬೀಜ ಅದರಲ್ಲಿ ಕೂರುವುದಿಲ್ಲ. ಒಂದು ಸುತ್ತು ದೊಡ್ಡ ರಂಧ್ರದ ತಟ್ಟೆ ಹಾಕಿ, ಗಟ್ಟಿ ನೆಲದ ಮೇಲೆ ಹತ್ತು ಹೆಜ್ಜೆ ಓಡಿಸಿ, ಬಿದ್ದ ಬೀಜ ಎಣಿಸಿ, ಆಮೇಲೆ ಹೊಲಕ್ಕೆ ಇಳಿಸಿ.

ಪ್ರಶ್ನೆ: ಜೋಳದ ಜೊತೆ ಅಕ್ಕಡಿ ಸಾಲಿಗೆ ಬೇಳೆಕಾಳು ಹಾಕುತ್ತೇವೆ. ಎಲ್ಲ ಒಟ್ಟಿಗೆ ನೆನೆಸಬಹುದಾ? ಶೇಂಗಾ?

ಉತ್ತರ: ಒಟ್ಟಿಗೆ ಬೇಡ, ಒಂದೊಂದರ ಗಡುವು ಒಂದೊಂದು. ಕಡಲೆ, ಹೆಸರಿಗೆ 8 ಗಂಟೆಯ ಆಸುಪಾಸು. ಶೇಂಗಾ, ಸೋಯಾಬೀನ್ ನೆನೆಸಲೇಬೇಡಿ. ಅವುಗಳ ಸಿಪ್ಪೆ ತೆಳು, ನೀರು ಒಮ್ಮೆಗೇ ನುಗ್ಗಿ ಒಳಗಿನ ಬೇಳೆ ಬಿರಿಯುತ್ತದೆ.

ಪ್ರಶ್ನೆ: ಮೂರು ವರ್ಷದ ಹಳೆ ಜೋಳದ ಬೀಜ ಇದೆ. ನೆನೆಸಿದರೆ ಜೀವ ಬರುತ್ತದಾ?

ಉತ್ತರ: ಸೊರಗಿದ ಬೀಜ ಸ್ವಲ್ಪ ಚೇತರಿಸಿಕೊಳ್ಳಬಹುದು, ಸತ್ತದ್ದು ಏಳುವುದಿಲ್ಲ. ನೂರು ಬೀಜ ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ವಾರದಲ್ಲಿ ಬಿಚ್ಚಿ ನೋಡಿ. ಅರ್ಧವೂ ಮೊಳೆಯದಿದ್ದರೆ ಅದನ್ನು ಬಿತ್ತುವ ಯೋಚನೆ ಬಿಡಿ.

ಪ್ರಶ್ನೆ: ಬೆಳಿಗ್ಗೆ 7ಕ್ಕೆ ಬಿತ್ತನೆ ಶುರು ಮಾಡುತ್ತೇವೆ. ಎಷ್ಟು ಹೊತ್ತಿಗೆ ನೆನೆಹಾಕಬೇಕು? ನೇರವಾಗಿ ಹೇಳಿಬಿಡಿ.

ಉತ್ತರ: ಹಿಂದಿನಿಂದ ಎಣಿಸಿ. ಆರಿಸಲು ಎರಡು ಗಂಟೆ ಬಿಟ್ಟರೆ ನಸುಕಿನ 5ಕ್ಕೆ ನೀರಿಂದ ತೆಗೆಯಬೇಕು. ರಾಗಿಗೆ, ಸಜ್ಜೆಗೆ ರಾತ್ರಿ 9ಕ್ಕೆ ನೀರು ಹಾಕಿ. ಜೋಳಕ್ಕೆ 8. ಗೋಧಿಗೆ ಸಂಜೆ 6. ಮೆಕ್ಕೆಜೋಳಕ್ಕೆ ಮಧ್ಯಾಹ್ನ 1ಕ್ಕೇ ಹಾಕಿಬಿಡಿ, ತಡವಾದರೆ ಸಂಜೆ 5ರವರೆಗೂ ನಡೆಯುತ್ತದೆ. ಮೊದಲು ನೆನಪಿಗೆ ಬಂದಾಗ ನೆನೆಹಾಕಿ, ಎಚ್ಚರವಾದಾಗ ತೆಗೆಯುತ್ತಿದ್ದೆ. ಈಗ ಪಾತ್ರೆಯ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಹೊತ್ತು, ತೆಗೆಯುವ ಹೊತ್ತು ಎರಡೂ ಬರೆದು, ಫೋನಿನಲ್ಲಿ ಅಲಾರಂ ಇಟ್ಟು ಮಲಗುತ್ತೇನೆ.